ಬರೆಯದೆ ಬಿಟ್ಟ ಬಿಳುಪು

ಕಳೆದ ವರ್ಷ ಮಳೆಗಾಲ ಹಿಂದೆಗೆಯುತ್ತಿದ್ದ ದಿನಗಳಲ್ಲಿ ನನ್ನ ತಂಗಿಯ ಮಗಳು ಜಪಾನೀ ಚಿತ್ರಕಥೆಯ ಪುಸ್ತಕವೊಂದನ್ನು ತಂದು, ನನ್ನ ಹೊಲಿಗೆಯ ಮೇಜಿನ ಮೇಲೆ ತೆರೆದಿಟ್ಟು, ಅದರಲ್ಲಿ ನಿಂತಿದ್ದ ತರುಣನೊಬ್ಬನ ಎದೆಯ ಮೇಲೆ ಬೆರಳಿಟ್ಟು, “ಮಾಮ, ಟೋಪಿಯನ್ನೂ ಕೇಪನ್ನೂ ನಾನೇ ಹೇಗಾದರೂ ಹೊಂದಿಸಿಕೊಳ್ಳುತ್ತೇನೆ, ಈ ಅಂಗಿಯೊಂದನ್ನು ಮಾತ್ರ ನೀವು ಹೊಲಿದುಕೊಡಬೇಕು” ಎಂದಳು. ಬೆಂಗಳೂರಿನ ಕಾಮಿಕ್ ಕಾನ್ ಸಮ್ಮೇಳನಕ್ಕೆ ಅವಳು ಆ ತರುಣನ ವೇಷದಲ್ಲಿ ಹೋಗತಕ್ಕವಳಿದ್ದಳು. ತಂದೆಯವರ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಲೇ ಬೆಳೆದ ನನಗೆ ಒಂದು ಬಿಳಿಯ ಅಂಗಿಯನ್ನು ಹೊಲಿಯುವುದು ದೊಡ್ಡ ಕೆಲಸವೆಂದು ಮೊದಲಿಗೆ ತೋರಲಿಲ್ಲ. ಆದರೆ ಆ ಪುಟವನ್ನು ದೀಪದ ಬಳಿಗೆ ಹಿಡಿದು ನೋಡಿದಾಗ, ಕೋಟಿಗೆ ಕಪ್ಪು ಮಸಿ ತುಂಬಿತ್ತು, ಕೇಪಿನ ಮಡಿಕೆಗಳಿಗೆ ನೆರಳಿನ ಗೆರೆಗಳಿದ್ದುವು, ಟೋಪಿಗೆ ಒಂದು ಹೊಳಪಿನ ಅಂಚಿತ್ತು. ಅಂಗಿಯಿರಬೇಕಾದ ಎಡೆಯಲ್ಲಿ ಮಾತ್ರ, ಕತ್ತಿನ ಬಳಿಯ ಒಂದೆರಡು ಗೀಟುಗಳನ್ನು ಬಿಟ್ಟರೆ, ಬರಿಯ ಕಾಗದವಿತ್ತು. ಚಿತ್ರಗಾರ್ತಿ ಅಲ್ಲಿ ಬಿಳಿಯ ಬಣ್ಣವನ್ನು ಹಚ್ಚಿರಲಿಲ್ಲ. ಏನನ್ನೂ ಹಚ್ಚದೆ ಬಿಟ್ಟಿದ್ದರು. ಆ ಬಿಟ್ಟ ಜಾಗವನ್ನೇ ನಾನು ಹೊಲಿಯಬೇಕಾಗಿತ್ತು.

ನಮ್ಮ ಮಾತಿನಲ್ಲಿ ವೇಷವನ್ನು ತೊಡುವುದೆನ್ನುವುದಕ್ಕಿಂತ ಕಟ್ಟುವುದೆನ್ನುವುದೇ ಹೆಚ್ಚು. ಯಕ್ಷಗಾನದ ಚೌಕಿಯಲ್ಲಿ ದೀಪದ ಮುಂದೆ ಕುಳಿತ ಕಲಾವಿದನು ಬಟ್ಟೆಯನ್ನು ಸುತ್ತಿ, ದಾರದಿಂದ ಬಿಗಿದು, ತನ್ನ ಮೈಯನ್ನೇ ಇನ್ನೊಂದು ಮೈಯಾಗಿ ಕಟ್ಟುತ್ತಾನೆ. ಆದರೆ ಕಿರೀಟವೆಷ್ಟು ಎತ್ತರವಿರಬೇಕು, ಭುಜಕೀರ್ತಿ ಎಲ್ಲಿ ಕೂರಬೇಕು, ಯಾವ ಪಾತ್ರಕ್ಕೆ ಯಾವ ಬಣ್ಣ ಸಲ್ಲತಕ್ಕದ್ದು ಎಂಬುದನ್ನೆಲ್ಲ ಅವನಿಗೆ ಹೇಳಿಕೊಡಲು ಗುರುಗಳಿದ್ದಾರೆ, ಮೇಳದ ಪೆಟ್ಟಿಗೆಯಿದೆ, ತಲೆಮಾರುಗಳ ನೋಟವಿದೆ. ಇಂದಿನ ತರುಣ ತರುಣಿಯರು ‘ಕಾಸ್‌ಪ್ಲೇ’ ಎಂದು ಕರೆಯುವ ವೇಷಧಾರಣೆಗೆ ಅಂತಹ ಪೆಟ್ಟಿಗೆಯಿಲ್ಲ. ಜಪಾನಿನ ನೊಬುಯುಕಿ ತಾಕಾಹಾಶಿಯವರು 1983ರಲ್ಲಿ ಅನಿಮೆ ಪತ್ರಿಕೆಯೊಂದರ ಲೇಖನದಲ್ಲಿ ಇಂಗ್ಲಿಷಿನ ‘ಕಾಸ್ಟ್ಯೂಮ್’, ‘ಪ್ಲೇ’ ಎಂಬ ಎರಡು ಪದಗಳನ್ನು ಮೊಟಕುಮಾಡಿ ಬೆಸೆದು ಬಳಕೆಗೆ ತಂದ ಈ ಹೆಸರು ಇಂದು ಲೋಕದ ಎಲ್ಲ ಕಡೆಯಲ್ಲಿಯೂ ಕೇಳಿಬರುತ್ತಿದೆಯಾದರೂ, ವೇಷ ಕಟ್ಟುವವನ ಎದುರಿಗೆ ಪ್ರಮಾಣವೆಂದು ಇರುವುದು ಚಪ್ಪಟೆಯಾದ ಒಂದು ಚಿತ್ರ ಮಾತ್ರ. ಚಿತ್ರಕ್ಕೆ ಬೆನ್ನಿಲ್ಲ, ಒಳಹೊಲಿಗೆಯಿಲ್ಲ, ಬಟ್ಟೆಯ ಭಾರವಿಲ್ಲ. ಅದು ಕೈಯೆತ್ತಿದರೆ ಅಂಗಿ ಸೊಂಟದಿಂದ ಹೊರಬರುವುದಿಲ್ಲ; ಕುಳಿತರೆ ಎದೆ ಉಬ್ಬುವುದಿಲ್ಲ. ಈ ಎಲ್ಲ ಕಷ್ಟಗಳೂ ಚಿತ್ರ ಮನುಷ್ಯನಾಗುವ ಕ್ಷಣದಲ್ಲಿ ಒಟ್ಟಿಗೇ ಹುಟ್ಟುತ್ತವೆ.

ಅವಳು ಆರಿಸಿಕೊಂಡಿದ್ದ ಪಾತ್ರದ ಹೆಸರು ಟಕ್ಸೀಡೊ ಮಾಸ್ಕ್. ನವೋಕೊ ತಾಕೆಯುಚಿಯವರು ‘ನಕಾಯೋಶಿ’ ಎಂಬ ಬಾಲಕಿಯರ ಮಾಸಪತ್ರಿಕೆಯಲ್ಲಿ 1991ರ ಕೊನೆಯಿಂದ 1997ರವರೆಗೆ ಬರೆದ ‘ಸೇಲರ್ ಮೂನ್’ ಎಂಬ ಚಿತ್ರಕಥೆಯಲ್ಲಿ ಬರುವ ಈತ, ಹಗಲಿನಲ್ಲಿ ಮಾಮೊರು ಚಿಬಾ ಎಂಬ ವಿದ್ಯಾರ್ಥಿ. ಅಪಾಯದ ಗಳಿಗೆಯಲ್ಲಿ ಎತ್ತರದ ಟೋಪಿ, ಬಿಳಿಯ ಮುಖವಾಡ, ಕಪ್ಪು ಕೋಟು, ಬೀಸಾಡುವ ಕೇಪುಗಳೊಡನೆ ಮಾಳಿಗೆಯಂಚಿನಲ್ಲಿಯೋ ದೀಪಸ್ತಂಭದ ಮೇಲೆಯೋ ಪ್ರತ್ಯಕ್ಷನಾಗುವ ರಕ್ಷಕ. 1992ರ ಮಾರ್ಚ್ ತಿಂಗಳಲ್ಲಿ ಆರಂಭವಾದ ಅದರ ದೂರದರ್ಶನ ರೂಪದಲ್ಲಿ ಅವನು ಎಸೆಯುವ ಕೆಂಪು ಗುಲಾಬಿ ಅವನ ಹೆಸರಿನಷ್ಟೇ ಪ್ರಸಿದ್ಧವಾಯಿತು. ಗುಲಾಬಿಯನ್ನು ಎಸೆಯಬೇಕಾದರೆ ತೋಳನ್ನು ಕಿವಿಯ ಮಟ್ಟಕ್ಕೆ ಎತ್ತಬೇಕು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಾನು ಕಂಕುಳ ಹೊಲಿಗೆಯ ವಿಷಯದಲ್ಲಿ ಹೇಳಲಿರುವುದು ಸುಲಭವಾಗಿ ತಿಳಿದೀತು.

ಹೆಸರಿನಲ್ಲಿಯೇ ಒಂದು ತೊಡಕಿದೆ. ಟಕ್ಸೀಡೊ ಎಂಬುದು ಬಾಲವಿಲ್ಲದ ಗಿಡ್ಡ ಕೋಟು. 1865ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ಅಂಗಡಿಯವರು ವೇಲ್ಸ್ ರಾಜಕುಮಾರನಿಗೆ ಮನೆಯೊಳಗಿನ ಭೋಜನಕೂಟಗಳಿಗೆಂದು ಹೊಲಿದುಕೊಟ್ಟ ಗಿಡ್ಡ ಕೋಟಿನ ಸಂತತಿಯಿದು. 1886ರಲ್ಲಿ ನ್ಯೂಯಾರ್ಕ್ ಪ್ರಾಂತದಲ್ಲಿ ಸ್ಥಾಪಿತವಾದ ಟಕ್ಸೀಡೊ ಪಾರ್ಕ್ ಎಂಬ ಶ್ರೀಮಂತರ ವಸತಿಯಿಂದ ಅಮೆರಿಕದಲ್ಲಿ ಅದಕ್ಕೆ ಆ ಹೆಸರು ಅಂಟಿತು. ಅದರ ಜೊತೆಗೆ ಸಲ್ಲುವುದು ಕಪ್ಪು ಬೋ ಟೈ, ಎದೆಯ ಮೇಲೆ ನೆರಿಗೆ ಹಿಡಿದ ಮೃದುವಾದ ಅಂಗಿ, ಎರಡು ಮಡಿಕೆಯ ಕಫ್ಫು. ಎತ್ತರದ ರೇಷ್ಮೆಯ ಟೋಪಿಯೂ ಕೇಪೂ ಆ ಬಳಗಕ್ಕೆ ಸೇರಿದವಲ್ಲ. ಅವು ಹಿಂದೆ ಎರಡು ಬಾಲ ಇಳಿಬಿಟ್ಟ ಕೋಟಿನ, ಬಿಳಿಯ ಬೋ ಟೈಯ, ಗಂಜಿ ಹಾಕಿ ಹಲಗೆಯಂತೆ ಬಿರುಸುಗೊಳಿಸಿದ ಎದೆಯ ಅಂಗಿಯ ಸಂಗಾತಿಗಳು. ಪುಸ್ತಕದಲ್ಲಿ, ತೆರೆಯ ಮೇಲೆ, ರಂಗದ ಮೇಲೆ ಈ ಪಾತ್ರದ ವಿವರಗಳು ಒಂದೇ ತೆರನಾಗಿಲ್ಲವಾದುದರಿಂದ, ಹೆಸರನ್ನು ನಂಬಬೇಕೋ ಟೋಪಿಯನ್ನು ನಂಬಬೇಕೋ ಎಂಬುದನ್ನು ವೇಷ ಕಟ್ಟುವವರೇ ತೀರ್ಮಾನಿಸಬೇಕಾಗುತ್ತದೆ. ನಾನು ಟೋಪಿಯನ್ನು ನಂಬಿದೆನು. ಕೇಪು ಬೀಸಿ ನಿಂತವನ ಎದೆಯಲ್ಲಿ ನೆರಿಗೆಗಳ ಮೃದುತ್ವವು ಕಣ್ಣಿಗೆ ಸಡಿಲವಾಗಿ ಕಾಣುವುದು. ಅಲ್ಲಿ ಬೇಕಾದುದು ಕವಚದಂತಹ ಒಂದೇ ಶ್ವೇತಫಲಕ.

ಈ ಪಾಶ್ಚಾತ್ಯ ಶಿಷ್ಟಾಚಾರದ ಉಡುಪು ಜಪಾನೀ ಬಾಲಕಿಯೊಬ್ಬಳ ಕನಸಿನೊಳಕ್ಕೆ ಬಂದು ನಿಂತುದು ಹೇಗೆ ಎಂಬುದನ್ನೂ ಒಂದು ಕ್ಷಣ ಯೋಚಿಸಬಹುದು. ಮೇಜಿ ಸರ್ಕಾರವು 1872ರಲ್ಲಿಯೇ ಬಾಲದ ಕೋಟನ್ನು ರಾಜ್ಯದ ವಿಧ್ಯುಕ್ತ ಉಡುಪಾಗಿ ಅಂಗೀಕರಿಸಿತ್ತು. 1883ರಲ್ಲಿ ಟೋಕಿಯೋದಲ್ಲಿ ತೆರೆದ ರೊಕುಮೆಯ್‌ಕನ್ ಭವನದ ನೃತ್ಯಕೂಟಗಳಲ್ಲಿ ಮಂತ್ರಿಗಳೂ ರಾಯಭಾರಿಗಳೂ ಅದನ್ನು ತೊಟ್ಟು ಓಡಾಡಿದರು. ಗಂಡಸರ ಕಾಲರಿನ ಅಂಗಿಗೆ ಜಪಾನಿನ ಜನ ‘ವೈಶಾತ್ಸು’ ಎನ್ನುತ್ತಾರೆ. ಅದು ‘ವೈಟ್ ಶರ್ಟ್’ ಎಂಬುದರ ಅಲ್ಲಿನ ಉಚ್ಚಾರ. ಇಂದು ನೀಲಿಯ ಅಂಗಿಗೂ ಗೀಟಿನ ಅಂಗಿಗೂ ಅದೇ ಹೆಸರು. ಬಿಳುಪು ಬಟ್ಟೆಯಿಂದ ಹೊರಟುಹೋದರೂ ಪದದೊಳಗೆ ಉಳಿದುಕೊಂಡಿದೆ.

ಬಿಳುಪು ಏಕೆ ಇಷ್ಟು ಮಹತ್ವವನ್ನು ಪಡೆಯಿತು ಎಂಬುದನ್ನು ತಿಳಿಯದೆ ಈ ಅಂಗಿಯನ್ನು ಕತ್ತರಿಸಲಾಗದು. ಯೂರೋಪಿನಲ್ಲಿ ಅಂಗಿಯೆಂಬುದು ಬಹು ಕಾಲದವರೆಗೆ ಒಳ ಉಡುಪಾಗಿತ್ತು. ತಲೆಯ ಮೇಲಿನಿಂದ ಎಳೆದು ತೊಡುತ್ತಿದ್ದ, ಚೌಕ ತುಂಡುಗಳಿಂದ ಹೊಲಿದ, ಮೈಯ ಬೆವರನ್ನು ಹೀರಿಕೊಳ್ಳುವುದಕ್ಕಾಗಿ ಇದ್ದ ವಸ್ತ್ರ. ಮುಂಭಾಗದ ಉದ್ದಕ್ಕೂ ಗುಂಡಿಯಿಟ್ಟು ಕೋಟಿನಂತೆ ತೊಡುವ ಅಂಗಿಯನ್ನು ಲಂಡನ್ನಿನ ಬ್ರೌನ್ ಡೇವಿಸ್ ಸಂಸ್ಥೆಯವರು ನೋಂದಾಯಿಸಿದುದು 1871ರಲ್ಲಿ. ಈ ಒಳ ಉಡುಪಿನಲ್ಲಿ ಹೊರಗಿನ ಲೋಕಕ್ಕೆ ಕಾಣುತ್ತಿದ್ದುದು ಮೂರೇ ಎಡೆಗಳು: ಕತ್ತು, ಮಣಿಕಟ್ಟು, ವೇಸ್ಟ್ ಕೋಟಿನ ತೆರಪಿನೊಳಗಿನ ಎದೆ. ಈ ಮೂರೂ ಕಲೆಯಿಲ್ಲದೆ ಇದ್ದರೆ, ಧರಿಸಿದವನು ಮಣ್ಣು ಮಸಿಗಳ ಕೆಲಸ ಮಾಡುವವನಲ್ಲ, ದಿನವೂ ಅಂಗಿ ಒಗೆಸಿಕೊಳ್ಳುವ ಅನುಕೂಲವುಳ್ಳವನು ಎಂದು ಲೋಕ ಓದಿಕೊಳ್ಳುತ್ತಿತ್ತು. ಎಂದರೆ ಆ ಬಿಳುಪು ಧರಿಸಿದವನ ಗುಣವಾಗಿರಲಿಲ್ಲ. ಬೇರೆ ಯಾರದೋ ಕೈಯ ದುಡಿಮೆಯಾಗಿತ್ತು.

ಆ ಕೈಗಳಲ್ಲಿ ಒಂದು, ಅಮೆರಿಕದ ಟ್ರಾಯ್ ಎಂಬ ಊರಿನ ಹ್ಯಾನಾ ಲಾರ್ಡ್ ಮಾಂಟೆಗ್ಯೂ ಎಂಬ ಗೃಹಿಣಿಯದು. ಗಂಡನ ಅಂಗಿಯಲ್ಲಿ ಕೊಳೆಯಾಗುತ್ತಿದ್ದುದು ಕತ್ತಿನ ಪಟ್ಟಿ ಮಾತ್ರವಾಗಿರಲು, ಅದಕ್ಕಾಗಿ ಇಡೀ ಅಂಗಿಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಬೇಕಾಗಿದ್ದ ಶ್ರಮದಿಂದ ಬೇಸತ್ತು ಆಕೆ 1827ರಲ್ಲಿ ಕಾಲರನ್ನು ಕತ್ತರಿಸಿ ಬೇರೆಮಾಡಿ, ಒಗೆದು, ಮತ್ತೆ ಅಂಗಿಗೆ ಕಟ್ಟುವ ಉಪಾಯವನ್ನು ಕಂಡಳೆಂದು ಆ ಊರಿನ ಚರಿತ್ರೆ ಹೇಳುತ್ತದೆ. ಅಡುಗೆಮನೆ ಬಚ್ಚಲುಮನೆಗಳ ನಡುವೆ ಹುಟ್ಟಿದ ಆ ಯೋಚನೆ ಕಾರ್ಖಾನೆಗಳಾಗಿ ಬೆಳೆದು, ಟ್ರಾಯ್ ನಗರಕ್ಕೆ ‘ಕಾಲರ್ ನಗರಿ’ ಎಂಬ ಹೆಸರನ್ನೇ ತಂದಿತು. ಕಾರ್ಖಾನೆ ಬೆಳೆದಂತೆ ಕಾಲರುಗಳನ್ನು ತೊಳೆಯುವ ಲಾಂಡ್ರಿಗಳೂ ಬೆಳೆದುವು. ಅಲ್ಲಿ ಕುದಿಯುವ ನೀರು, ಕ್ಷಾರದ ಸಾಬೂನು, ಕಾದ ಇಸ್ತ್ರಿಪೆಟ್ಟಿಗೆಗಳ ನಡುವೆ ಹಗಲೆಲ್ಲ ನಿಂತು ದುಡಿಯುತ್ತಿದ್ದವರು ಬಹುಮಟ್ಟಿಗೆ ಐರ್ಲೆಂಡಿನಿಂದ ಬಂದ ಬಡ ಹೆಣ್ಣುಮಕ್ಕಳು. 1864ರಲ್ಲಿ ಕೇಟ್ ಮಲ್ಲೇನಿ ಎಂಬ, ಇನ್ನೂ ಇಪ್ಪತ್ತು ದಾಟದ ತರುಣಿ, ಸುಮಾರು 300 ಮಂದಿ ತೊಳೆಯುವ ಹೆಂಗಸರನ್ನು ಸಂಘಟಿಸಿ ಮುಷ್ಕರ ಹೂಡಿ ಕೂಲಿಯನ್ನು ಹೆಚ್ಚಿಸಿಕೊಂಡಳು. ಅಮೆರಿಕದಲ್ಲಿ ಹೆಂಗಸರೇ ಕಟ್ಟಿ ನಡೆಸಿ ಉಳಿಸಿಕೊಂಡ ಮೊದಲ ಕಾರ್ಮಿಕ ಸಂಘವೆಂದು ಅದನ್ನು ಇತಿಹಾಸಕಾರರು ಎಣಿಸುತ್ತಾರೆ. ನನ್ನ ಸೋದರಸೊಸೆಗೆ ಈ ಕಥೆಯನ್ನು ಹೇಳಿದ ದಿನ ಅವಳು ಪುಸ್ತಕದ ಆ ಪುಟವನ್ನು ಮತ್ತೊಮ್ಮೆ ತೆರೆದು, ಕಾಗದದ ಬಿಳಿಯ ಭಾಗವನ್ನು ಬಹಳ ಹೊತ್ತು ನೋಡಿದಳು.

ಇನ್ನು ಅಂಗಿಯ ನಿರ್ಮಾಣ. ಮೊದಲು ಅನುಪಾತದ ಮಾತು. ಮನುಷ್ಯನ ಎತ್ತರ ಸಾಮಾನ್ಯವಾಗಿ ಅವನ ತಲೆಯ ಏಳು, ಏಳೂವರೆ ಪಟ್ಟು. ಚಿತ್ರಕಥೆಯ ನಾಯಕರು ಎಂಟು ಪಟ್ಟಿಗೂ ಮೀರಿ ನೀಳವಾಗಿ ಬೆಳೆದವರು, ಕತ್ತು ಹಂಸದ್ದು, ಸೊಂಟ ಮೇಲೆ. ನನ್ನ ಸೊಸೆಯಾದರೋ ಐದು ಅಡಿ ಮೂರು ಅಂಗುಲದ ಹುಡುಗಿ. ಚಿತ್ರದ ಅಳತೆಯನ್ನೇ ಬಟ್ಟೆಗೆ ಇಳಿಸಿದರೆ ಅವಳು ಅಂಗಿಯೊಳಗೆ ಮುಳುಗಿಹೋಗುವಳು. ಅವಳ ಅಳತೆಯನ್ನೇ ನೆಚ್ಚಿ ಹೊಲಿದರೆ ಪಾತ್ರ ಕಾಣದು. ಆದುದರಿಂದ ಗೆರೆಯನ್ನು ನಕಲು ಮಾಡದೆ ಗೆರೆಯ ಉದ್ದೇಶವನ್ನು ನಕಲು ಮಾಡಬೇಕು. ಎದೆಯ ಫಲಕವನ್ನು ಕಿರಿದಾಗಿಸಿದರೆ ಮೈ ನೀಳವಾಗಿ ಕಾಣುತ್ತದೆ. ಕಾಲರನ್ನು ಎತ್ತರಿಸಿದರೆ ಕತ್ತು ಬೆಳೆಯುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಮಿತಿ ಮೀರಿದ ಕಾಲರು ಗಲ್ಲವನ್ನು ಮುಟ್ಟಿ ಕತ್ತನ್ನೇ ನುಂಗಿಬಿಡುತ್ತದೆ. ಐದು ಸೆಂಟಿಮೀಟರಿನ ಕಾಲರು ಅವಳಿಗೆ ಹೆಚ್ಚಾಯಿತು, ನಾಲ್ಕು ಕಡಮೆಯಾಯಿತು. ನಾಲ್ಕೂವರೆಯಲ್ಲಿ ಅವಳು ತಲೆಯನ್ನು ತಾನಾಗಿಯೇ ನೆಟ್ಟಗೆ ಹಿಡಿದಳು. ಬಿರುಸಾದ ಕಾಲರು ಮಾಡುವ ಕೆಲಸವೇ ಅದು: ತೊಟ್ಟವರ ಗತ್ತನ್ನು ಅದು ಒಳಗಿನಿಂದ ತಿದ್ದುತ್ತದೆ.

ಇಂತಹ ಕಾಲರನ್ನು ಅಂಗಿಗೆ ಹೊಲಿದುಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಿಗೆ ಕತ್ತಿನ ಸುತ್ತ ಒಂದು ತೆಳುಪಟ್ಟಿ ಮಾತ್ರವಿರಬೇಕು. ಬೇರೆಯಾಗಿ ಮಾಡಿದ ರೆಕ್ಕೆಯ ಕಾಲರನ್ನು ಹಿಂದೊಂದು ಮುಂದೊಂದು ಸ್ಟಡ್ ಗುಂಡಿಯಿಂದ ಆ ಪಟ್ಟಿಗೆ ಸಿಕ್ಕಿಸಬೇಕು. ಹಿಂದಿನದನ್ನು ಮೊದಲು ಹಾಕಿ, ಅಂಗಿಯನ್ನು ತೊಟ್ಟ ಮೇಲೆ ಮುಂದಿನದನ್ನು ಹಾಕತಕ್ಕದ್ದು. ಕಾಲರು ಕತ್ತುಪಟ್ಟಿಗಿಂತ ಸುಮಾರು ಅರ್ಧ ಅಂಗುಲ ದೊಡ್ಡದಾಗಿರಬೇಕು. ಏಕೆಂದರೆ ಅದು ಪಟ್ಟಿಯ ಹೊರಗೆ ಸುತ್ತುತ್ತದೆ, ದಪ್ಪವೂ ಆಗಿರುತ್ತದೆ. ರೆಕ್ಕೆಯ ತುದಿಗಳು ಬೋ ಟೈಯ ಹಿಂದೆ ಅಡಗಿ ಅದನ್ನು ಮುಂದಕ್ಕೆ ತಳ್ಳಿ ಹಿಡಿಯಬೇಕೇ ಹೊರತು, ಅದರ ಮೇಲೆ ಮಡಚಿಕೊಂಡು ಬೀಳಬಾರದು. ಪೇಟೆಯಲ್ಲಿ ಸಿಗುವ ಸಿದ್ಧ ಅಂಗಿಗಳ ರೆಕ್ಕೆಗಳು ಬಹುಮಟ್ಟಿಗೆ ಗಿಡ್ಡವೂ ಮೆತ್ತನೆಯವೂ ಆಗಿದ್ದು, ಟೈ ಕಟ್ಟಿದೊಡನೆ ಸೋತು ಬಾಗುತ್ತವೆ. ದೂರದಿಂದ ನೋಡುವವರಿಗೆ ಏನು ತಪ್ಪಾಗಿದೆಯೆಂದು ಹೇಳಲು ತಿಳಿಯದಿದ್ದರೂ ಏನೋ ತಪ್ಪಿದೆಯೆಂಬುದು ತಿಳಿದುಬಿಡುತ್ತದೆ.

ಎದೆಯ ಫಲಕದಲ್ಲಿ ನಾನು ಮೊದಲ ಸಲ ಎಡವಿದೆ. ಕೋರಾ ಬಟ್ಟೆಯಲ್ಲಿ ಹೊಲಿದ ಪರೀಕ್ಷೆಯ ಅಂಗಿಗೆ, ಚಿತ್ರದ ನೀಳತೆಯನ್ನು ತರುವ ಆಸೆಯಿಂದ, ಫಲಕವನ್ನು ಸೊಂಟದಿಂದ ಕೆಳಕ್ಕೂ ನಾಲ್ಕು ಬೆರಳು ಇಳಿಸಿದ್ದೆ. ನಿಂತಾಗ ಅದು ಸೊಗಸಾಗಿಯೇ ಇತ್ತು. ಅವಳು ಕುರ್ಚಿಯಲ್ಲಿ ಕುಳಿತ ಕೂಡಲೇ ತೊಡೆಯ ಬುಡಕ್ಕೆ ತಾಗಿದ ಫಲಕವು ಬಾಗಲಾರದೆ ಮೇಲಕ್ಕೆ ಸರಿದು, ಎದೆಯ ನಡುವೆ ಬುಗ್ಗೆಯಂತೆ ಉಬ್ಬಿ, ಕಾಲರನ್ನು ಗಲ್ಲದವರೆಗೆ ನೂಕಿತು. ನೂರು ವರ್ಷದ ಹಿಂದಿನ ದರ್ಜಿಗಳು ಪಾಲಿಸುತ್ತಿದ್ದ ನಿಯಮದ ಅರ್ಥ ಆಗ ನನಗೆ ಹೊಳೆಯಿತು: ಫಲಕದ ಅಂಚು ಷರಾಯಿಯ ಸೊಂಟಪಟ್ಟಿಯನ್ನು ದಾಟಬಾರದು, ಅದರ ಅಗಲ ಹೆಗಲಿನಿಂದ ಇಳಿಯುವ ಎರಡು ಬ್ರೇಸಸ್ ಪಟ್ಟಿಗಳ ನಡುವೆ ಕೂರುವಷ್ಟಿರಬೇಕು, ಆದರೆ ವೇಸ್ಟ್ ಕೋಟಿನ ತೆರಪಿನೊಳಗೆ ಅದರ ಅಂಚು ಕಾಣುವಷ್ಟು ಕಿರಿದೂ ಆಗಬಾರದು, ಕೆಳತುದಿಯಲ್ಲಿ ಕಾಜಾ ಇರುವ ಒಂದು ಚಿಕ್ಕ ನಾಲಗೆಯನ್ನು ಹೊಲಿದು ಅದನ್ನು ಷರಾಯಿಯ ಒಳಬದಿಯ ಗುಂಡಿಗೆ ಸಿಕ್ಕಿಸಬೇಕು. ಆ ನಾಲಗೆಯಿದ್ದರೆ ಅಂಗಿ ಮೇಲೇಳುವುದಿಲ್ಲ. ಇಂದಿನ ಅಂಗಿಗಳಿಂದ ಅದು ಮಾಯವಾಗಿದೆ. ವೇಷ ಕಟ್ಟುವವರು ಅದನ್ನು ಮರಳಿ ತರಬೇಕೆಂದು ಕಳಕಳಿಯಿಂದ ಹೇಳುತ್ತೇನೆ. ಸ್ಪರ್ಧೆಯಲ್ಲಿ ನರ್ತಿಸುವವರು ಇದೇ ಕಾರಣಕ್ಕಾಗಿ ಅಂಗಿಯ ಕೆಳಗೆ ಚಡ್ಡಿಯನ್ನೇ ಸೇರಿಸಿ ಹೊಲಿಸಿಕೊಳ್ಳುವುದುಂಟು.

ಹೆಣ್ಣೊಬ್ಬಳು ಗಂಡಿನ ವೇಷವನ್ನು ಕಟ್ಟುವಾಗ ಫಲಕವು ಮತ್ತೊಂದು ಉಪಕಾರವನ್ನು ಮಾಡುತ್ತದೆ. ಎದೆಯ ಉಬ್ಬಿಗೆ ಬೇಕಾದ ಡಾರ್ಟ್ ಹೊಲಿಗೆಯನ್ನು ಅಂಗಿಯ ಬದಿಯಲ್ಲಿ ಹಿಡಿದರೆ ಅದು ರವಿಕೆಯ ನೆನಪನ್ನು ತರುತ್ತದೆ; ಅದನ್ನೇ ಫಲಕವೂ ಅಂಗಿಯ ಮೈಯೂ ಕೂಡುವ ಹೊಲಿಗೆಯೊಳಕ್ಕೆ ಕರಗಿಸಿದರೆ ಬೇರೆಯ ಗೆರೆಯೇ ಕಾಣುವುದಿಲ್ಲ, ಫಲಕ ನೇರವಾಗಿ ನಿಲ್ಲುತ್ತದೆ, ಮೈಯನ್ನು ಬಿಗಿದು ಹಿಂಸಿಸುವ ಅಗತ್ಯವೂ ಬೀಳುವುದಿಲ್ಲ. 1914ರಿಂದ ಪ್ರದರ್ಶನ ನೀಡುತ್ತಿರುವ ಜಪಾನಿನ ತಕರಜುಕಾ ನಾಟ್ಯಸಂಸ್ಥೆಯಲ್ಲಿ ಎಲ್ಲ ಪಾತ್ರಗಳನ್ನೂ ಹೆಂಗಸರೇ ವಹಿಸುತ್ತಾರೆ. ಗಂಡು ಪಾತ್ರಧಾರಿಣಿಯರು ಕೋಟಿನೊಳಗೆ ಮೈಯ ರೇಖೆಯನ್ನು ತಿದ್ದುವ ಒಳಕವಚವನ್ನು ಧರಿಸಿ, ಸೊಂಟದ ಒಳಬಾಗನ್ನು ತುಂಬಿ, ಹೆಗಲನ್ನು ಅಗಲಿಸಿಕೊಳ್ಳುತ್ತಾರೆ. 2013ರಲ್ಲಿ ಸ್ತ್ರೀಯರನ್ನೇ ಕೂಡಿಸಿ ಆಡಿದ ‘ಸೇಲರ್ ಮೂನ್’ ಸಂಗೀತನಾಟಕದಲ್ಲಿ ಟಕ್ಸೀಡೊ ಮಾಸ್ಕ್ ಆಗಿ ನಿಂತವರು ಆ ಸಂಸ್ಥೆಯಲ್ಲಿ ಹಿಂದೆ ನಾಯಕಪಾತ್ರಗಳನ್ನು ವಹಿಸಿದ್ದ ಯಮಾತೊ ಯೂಗಾ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ ರಾವಣ, ಕಂಸ, ಭೀಮರನ್ನು ರಂಗಕ್ಕೆ ತಂದುದನ್ನು ಹಿರಿಯರಿಂದ ಕೇಳಿ ತಿಳಿದ ನಮ್ಮ ಮನೆಯಲ್ಲಿ, ಸೊಸೆಯೊಬ್ಬಳು ಗಂಡುವೇಷ ಕಟ್ಟುವುದನ್ನು ಯಾರೂ ವಿಚಿತ್ರವೆಂದು ಎಣಿಸಲಿಲ್ಲ.

ತೋಳಿನ ಮಾತಿಗೆ ಬರುತ್ತೇನೆ. ಕೈಯನ್ನು ಸರಾಗವಾಗಿ ಎತ್ತಬೇಕಾದರೆ ಕಂಕುಳ ತೆರಪು ದೊಡ್ಡದಾಗಿ, ಕೆಳಗಿಳಿದು ಇರಬೇಕೆಂದು ಎಲ್ಲರೂ ಊಹಿಸುತ್ತಾರೆ. ನಿಜವು ಅದಕ್ಕೆ ತೀರ ವಿರುದ್ಧವಾಗಿದೆ. ತೆರಪು ಕೆಳಗಿಳಿದಷ್ಟೂ ತೋಳು ಅಂಗಿಯ ಬದಿಗೆ ಅಂಟಿಕೊಂಡು, ಕೈಯೆತ್ತಿದಾಗ ಇಡೀ ಅಂಗಿಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ತೆರಪು ಕಂಕುಳಿಗೆ ಸಮೀಪವಾಗಿ ಚಿಕ್ಕದಾಗಿದ್ದರೆ ತೋಳು ಮಾತ್ರ ಮೇಲೇಳುತ್ತದೆ, ಅಂಗಿ ಇದ್ದಲ್ಲಿಯೇ ಇರುತ್ತದೆ. ತೋಳಿನ ಮೇಲ್ತುದಿಯ ಗುಮ್ಮಟವು ತಗ್ಗಾಗಿ ತೋಳು ಅಗಲವಾಗಿದ್ದರೆ ಚಲನೆಗೆ ಅನುಕೂಲ, ಎತ್ತರವಾಗಿದ್ದರೆ ಕೈ ಇಳಿಬಿಟ್ಟಾಗ ಅಂದ. ಗುಲಾಬಿಯನ್ನು ಎಸೆಯತಕ್ಕವನಿಗೆ ತಗ್ಗಾದ ಗುಮ್ಮಟವೇ ಸರಿ, ಏಕೆಂದರೆ ಉಳಿದ ನಿರಿಗೆಗಳನ್ನು ಕೋಟು ಮುಚ್ಚುತ್ತದೆ. ಇದಲ್ಲದೆ ನಾನು ಹಳೆಯ ಅಂಗಿಗಳ ಒಂದು ಉಪಾಯವನ್ನೂ ಸೇರಿಸಿದೆ: ಕಂಕುಳಿನಲ್ಲಿ ಎಂಟು ಸೆಂಟಿಮೀಟರಿನ ಚೌಕ ತುಂಡೊಂದನ್ನು ಓರೆಯಾಗಿ ಇಟ್ಟು ಹೊಲಿಯುವುದು. ಹದಿನೆಂಟನೆಯ ಶತಮಾನದ ಅಂಗಿಗಳಲ್ಲಿ ಸರ್ವೇಸಾಮಾನ್ಯವಾಗಿದ್ದ ಆ ಚೌಕವು, ಬಟ್ಟೆ ಓರೆಯಲ್ಲಿ ಹಿಗ್ಗುವ ಗುಣದಿಂದ, ಕೈಯೆತ್ತಿದಾಗ ರೆಕ್ಕೆಯಂತೆ ತೆರೆದುಕೊಂಡು ಇಳಿಸಿದಾಗ ಮುಚ್ಚಿಕೊಳ್ಳುತ್ತದೆ. ಕಫ್ಫು ಒಂದೇ ಪದರದ್ದು, ಬಿರುಸಾದುದು. ಅದರ ಎರಡು ತುದಿಗಳು ಒಂದರ ಮೇಲೊಂದು ಏರದೆ, ಕೈ ಮುಗಿದಂತೆ ಒಳಮೈಗೆ ಒಳಮೈ ತಾಗಿಸಿ ಕಫ್ ಲಿಂಕಿನಿಂದ ಕೂಡಬೇಕು, ಕೋಟಿನ ತೋಳಿನಿಂದ ಸುಮಾರು ಅರ್ಧ ಅಂಗುಲ ಹೊರಗೆ ಕಾಣಬೇಕು.

ಬಟ್ಟೆಯ ಆಯ್ಕೆಯಲ್ಲಿ ಚಿತ್ರದ ಬಿಳುಪಿಗೂ ನೂಲಿನ ಬಿಳುಪಿಗೂ ಇರುವ ಭೇದ ಪೂರ್ಣವಾಗಿ ಎದುರಾಗುತ್ತದೆ. ಕಾಗದದ ಬಿಳುಪಿಗೆ ಮೈವಳಿಕೆಯಿಲ್ಲ. ಹಾಗೆಯೇ ನುಣುಪಾದ ಬಿಳಿಯ ಪಾಪ್ಲಿನ್ನನ್ನು ಎದೆಗೆ ಹಾಕಿ ಕ್ಯಾಮೆರಾದ ಮಿಂಚುದೀಪದ ಮುಂದೆ ನಿಲ್ಲಿಸಿದರೆ, ಛಾಯಾಚಿತ್ರದಲ್ಲಿ ಅಲ್ಲಿ ಬಟ್ಟೆಯೇ ಇಲ್ಲದಂತೆ ಬೆಳಕಿನ ಒಂದು ರಂಧ್ರ ಕಾಣುವುದು. ಇದಕ್ಕೆ ಮದ್ದಾಗಿ ಒದಗುವುದು ಮಾರ್ಸೆಲಾ ಎಂಬ ಹತ್ತಿಯ ನೇಯ್ಗೆ. ಪೀಕೆ ಎಂದೂ ಕರೆಯುವ ಇದು, ಫ್ರಾನ್ಸಿನ ಮಾರ್ಸೇಲ್ ನಗರದ ಕೈಹೊಲಿಗೆಯ ಕೌದಿಗಳ ಉಬ್ಬುತಗ್ಗನ್ನು ಮಗ್ಗದಲ್ಲಿಯೇ ತರುವುದಕ್ಕಾಗಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ನೇಕಾರರು ರೂಪಿಸಿದ ನೇಯ್ಗೆ. ಅದರ ಕಣಕಣವಾದ ಉಬ್ಬುಗಳ ಪಕ್ಕದಲ್ಲಿ ಒಂದೊಂದು ಎಳ್ಳಿನಷ್ಟು ನೆರಳು ನಿಲ್ಲುವುದರಿಂದ ಬಿಳುಪಿಗೆ ಆಳ ಬರುತ್ತದೆ. ಉಬ್ಬುಗಳ ನಡುವಣ ತಗ್ಗುಗಳು ಗಂಜಿಯನ್ನೂ ಹೆಚ್ಚಾಗಿ ಹಿಡಿದುಕೊಳ್ಳುತ್ತವೆ. ಫಲಕ, ಕಾಲರು, ಕಫ್ಫುಗಳಿಗೆ ಮಾತ್ರ ಇದನ್ನು ಬಳಸಿ, ಮೈಗೂ ತೋಳಿಗೂ ಬೆವರು ಹೀರುವ ತೆಳುವಾದ ಹತ್ತಿಯನ್ನು ಹಾಕಿದರೆ ಸಾಕು. ಎಲ್ಲ ತುಂಡುಗಳ ಬಿಳುಪೂ ಒಂದೇ ಜಾತಿಯದಾಗಿರಬೇಕೆಂಬುದನ್ನು ಮರೆಯಬಾರದು: ಹೊಳಪಿನ ರಾಸಾಯನಿಕ ಸೇರಿದ ಬಟ್ಟೆ ರಂಗದ ನೇರಳಾತೀತ ದೀಪದಲ್ಲಿ ನೀಲಿಯಾಗಿ ಮಿನುಗುತ್ತದೆ, ಸೇರದ ಬಟ್ಟೆ ಅದರ ಪಕ್ಕದಲ್ಲಿ ಹಳದಿಯಾಗಿ ತೋರುತ್ತದೆ. ಬಟ್ಟೆಯನ್ನೂ ಒಳಗಿಡುವ ಬಕ್ರಮನ್ನೂ ಕತ್ತರಿಸುವ ಮುನ್ನವೇ ನೀರಿನಲ್ಲಿ ನೆನೆಸಿ ಒಣಗಿಸತಕ್ಕದ್ದು. ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಫಲಕವೆಲ್ಲ ಸುಕ್ಕಾಗುವುದು.

ಅಂಟು ಹಚ್ಚಿದ ಬಕ್ರಮಿನಿಂದಲೇ ಬಿರುಸನ್ನು ತರಬಹುದಲ್ಲ, ಗಂಜಿಯೇಕೆ ಎಂದು ಸೊಸೆ ಕೇಳಿದಳು. ಬಕ್ರಮಿನ ಬಿರುಸು ರಟ್ಟಿನದು, ಬಗ್ಗಿಸಿದರೆ ಮುರಿದ ಗುರುತು ಉಳಿಯುತ್ತದೆ. ಗಂಜಿಯ ಬಿರುಸಿನಲ್ಲಿ ಬಟ್ಟೆಯ ಜೀವ ಉಳಿಯುತ್ತದೆ, ಅಲ್ಲದೆ ಒಗೆದರೆ ಮತ್ತೆ ಹೊಸದಾಗುತ್ತದೆ. ನಮ್ಮ ಅಜ್ಜಿ ಅನ್ನದ ಗಂಜಿಯನ್ನು ಸೋಸಿ, ತೆಳುಮಾಡಿ, ಅಜ್ಜನ ಪಂಚೆಗಳನ್ನು ಅದರಲ್ಲಿ ಅದ್ದಿ ಹಿಂಡುತ್ತಿದ್ದುದು ಬೇಯಿಸಿದ ಗಂಜಿಯ ಕ್ರಮ. ಇಂಗ್ಲೆಂಡಿನ ಅಗಸಗಿತ್ತಿಯರು ಎದೆಯ ಫಲಕಕ್ಕೂ ಕಾಲರಿಗೂ ಬಳಸುತ್ತಿದ್ದುದು ಹಸಿ ಗಂಜಿ: ಅಕ್ಕಿಯ ಪಿಷ್ಟವನ್ನು ಬೇಯಿಸದೆ ತಣ್ಣೀರಿನಲ್ಲಿ ಕದಡಿ, ಸ್ವಲ್ಪ ಬಿಳಿಗಾರವನ್ನು ಸೇರಿಸಿ, ಬಟ್ಟೆಗೆ ಉಜ್ಜಿ, ಅರೆ ಒದ್ದೆಯಿರುವಾಗಲೇ ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎಳೆಯುವುದು. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಉಬ್ಬದೆ ನೂಲಿನ ಎಳೆಗಳ ನಡುವೆ ನುಸುಳುತ್ತವೆ. ಇಸ್ತ್ರಿಯ ಶಾಖ ತಗುಲಿದಾಗ ಅಲ್ಲಿಯೇ ಉಬ್ಬಿ, ಬೆಂದು, ಒಂದಕ್ಕೊಂದು ಅಂಟಿಕೊಂಡು ಒಳಗಿನಿಂದಲೇ ಗಟ್ಟಿಯಾಗುತ್ತವೆ. ನಾನು ಇದನ್ನು ಆರು ಸಲ ಮಾಡಿ ನೋಡಿದೆ. ಪೆಟ್ಟಿಗೆ ತಣ್ಣಗಿದ್ದರೆ ಗಂಜಿ ಬೇಯದೆ ಪುಡಿಯಾಗಿ ಉದುರುತ್ತದೆ, ಬಿಸಿ ಹೆಚ್ಚಾದರೆ ಕಂದುಗಲೆ ಬೀಳುತ್ತದೆ. ಆರನೆಯ ಸಲ ಫಲಕವನ್ನು ಬೆರಳಿನಿಂದ ತಟ್ಟಿದಾಗ ಮರದ ಹಲಗೆಯಂತೆ ಸದ್ದಾಯಿತು.

ಎದೆಯ ಫಲಕ, ಕಾಲರುಗಳನ್ನಷ್ಟೇ ಮಾಡಿ ಬನಿಯನ್ನಿನ ಮೇಲೆ ಕಟ್ಟಿಕೊಳ್ಳುವ ‘ಡಿಕ್ಕಿ’ ಎಂಬ ಅರೆ ಅಂಗಿಯೂ ಇದೆ. ಹಣವೂ ಸಮಯವೂ ಕಡಮೆಯಿರುವವರು ಅದನ್ನು ಮಾಡಿದರೆ ನಾನು ಆಕ್ಷೇಪಿಸುವುದಿಲ್ಲ, ನೂರಾರು ನಟರೂ ಹೋಟೆಲಿನ ಪರಿಚಾರಕರೂ ಅದರಿಂದ ಮರ್ಯಾದೆ ಉಳಿಸಿಕೊಂಡಿದ್ದಾರೆ. ಆದರೆ ಕೋಟು ಕಳಚದೆ ಇರಬಲ್ಲ ಪಾತ್ರಕ್ಕೆ ಮಾತ್ರ ಅದು ಸಲ್ಲುತ್ತದೆ.

ಹೊಲಿಗೆ ಮುಗಿಯುವ ವೇಳೆಗೆ ಒಂದು ಸಣ್ಣ ವಿಚಾರ ಮನಸ್ಸನ್ನು ಹಿಡಿದಿತ್ತು. 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್ಮನ್ ಎಂಬಾತ ಭವಿಷ್ಯಕಾಲದ ವೀರನ ಉಡುಪನ್ನು ತೊಟ್ಟು ಬಂದನೆಂದೂ, ಇಂದಿನ ವೇಷಧಾರಣೆಗೆಲ್ಲ ಅದೇ ಆದಿಯೆಂದೂ ಬಹು ಕಾಲ ಬರೆಯುತ್ತಿದ್ದರು. ಆ ಉಡುಪನ್ನೂ ತನ್ನದನ್ನೂ ಕಲ್ಪಿಸಿ, ಕತ್ತರಿಸಿ, ಹೊಲಿದವಳು ಅವನೊಡನೆಯೇ ಬಂದಿದ್ದ ಮರ್ಟಲ್ ಡಗ್ಲಸ್, ‘ಮೊರೊಜೊ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಹೆಣ್ಣುಮಗಳು. ತೊಟ್ಟವನ ಹೆಸರು ಉಳಿದು, ಹೊಲಿದವಳ ಹೆಸರು ದಶಕಗಳವರೆಗೆ ಮರೆಯಲ್ಲಿತ್ತು. ನಾನು ಸೊಸೆಯನ್ನು ಕರೆದು, ಕೊನೆಯ ಎರಡು ಕಾಜಾಗಳನ್ನು ಅವಳ ಕೈಯಿಂದಲೇ ಹೊಲಿಸಿದೆ. ಮುತ್ತಿನ ಚಿಪ್ಪಿನ ಎರಡು ಸ್ಟಡ್‌ಗಳು ಹಾಯತಕ್ಕ ಕಾಜಾಗಳವು. ಒಂದು ಸ್ವಲ್ಪ ವಕ್ರವಾಗಿದೆ; ಅದನ್ನು ಬಿಚ್ಚಿ ತಿದ್ದಲು ನನಗೆ ಮನಸ್ಸಾಗಲಿಲ್ಲ.

ಸಮ್ಮೇಳನದ ದಿನ ರಾತ್ರಿ ಅವಳು ಮನೆಗೆ ಬಂದಾಗ ಹತ್ತು ಗಂಟೆ ದಾಟಿತ್ತು. ಟೋಪಿಯ ಅಂಚು ಜನಸಂದಣಿಯಲ್ಲಿ ನಜ್ಜಿಹೋಗಿತ್ತು, ಕೇಪಿನ ಕೆಳತುದಿಗೆ ಧೂಳು ಮೆತ್ತಿತ್ತು. ಅಂಗಿಯ ಫಲಕ ಬೆಳಗ್ಗೆ ಹೊರಟಂತೆಯೇ ಇತ್ತು, ಆದರೆ ಕಾಲರಿನ ಒಳಬದಿಗೆಲ್ಲ ಮುಖಕ್ಕೆ ಹಚ್ಚಿದ್ದ ಬಣ್ಣ ಬೆವರಿನೊಡನೆ ಇಳಿದು ಮಣ್ಣುಗೆಂಪಾಗಿ ಅಂಟಿತ್ತು. “ಅಯ್ಯೋ ಮಾಮ, ಅಂಗಿಯೇ ಹಾಳಾಯಿತು” ಎಂದು ಅವಳ ಕಣ್ಣು ತುಂಬಿತು. ನಾನು ಏನನ್ನೂ ಹೇಳದೆ ಅವಳ ಕತ್ತಿನ ಕಡೆಗೆ ಕೈ ತೋರಿಸಿದೆ. ಅವಳು ಮುಂದಿನ ಸ್ಟಡ್ಡನ್ನು ಬಿಚ್ಚಿದಳು, ಹಿಂದಿನದನ್ನು ಬಿಚ್ಚಿದಳು. ಕಾಲರು ಬೇರೆಯಾಗಿ ಅವಳ ಕೈಗೆ ಬಂದಿತು. ಒಂದು ನಿಮಿಷ ಅದನ್ನು ನೋಡುತ್ತ ನಿಂತಿದ್ದು, ಬಚ್ಚಲುಮನೆಯ ದೀಪವನ್ನು ಹಾಕಿ, ತಂಬಿಗೆಯಲ್ಲಿ ನೀರು ತೆಗೆದುಕೊಂಡು, “ಅಕ್ಕಿಹಿಟ್ಟು ಎಲ್ಲಿಟ್ಟಿದ್ದೀರಿ?” ಎಂದು ಕೇಳಿದಳು.